ಟೊಂಗಿ, ಫಾಟಾ, ಶಾಖೆ: ಜತ್ತ ಸೀಮೆಯ ಮಾತಿನ ಕವಲುಗಳು

ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಪೂರ್ವಭಾಗದಲ್ಲಿರುವ ಉಟಗಿ ಆಡಳಿತದ ಲೆಕ್ಕದಲ್ಲಿ ಮಹಾರಾಷ್ಟ್ರದ ಊರಾದರೂ ಆಡುಮಾತಿನ ಲೆಕ್ಕದಲ್ಲಿ ವಿಜಯಪುರ ಸೀಮೆಗೆ ಸೇರಿದ್ದು. ಹೊಲ, ಮನೆ, ಕಟ್ಟೆ, ಜಾತ್ರೆಗಳಲ್ಲಿ ಕೇಳಿಬರುವ ಅಲ್ಲಿಯ ಕನ್ನಡಕ್ಕೂ ಗಡಿಯಾಚೆಯ ಚಡಚಣ, ಇಂಡಿ ಭಾಗದ ಕನ್ನಡಕ್ಕೂ ಹೇಳಿಕೊಳ್ಳುವಂಥ ಅಂತರವಿಲ್ಲ. ಆದರೆ ಊರಿನ ಕಂದಾಯ ನೋಡುವ ತಲಾಠಿ ಕೊಡುವ ಜಮೀನಿನ ಉತಾರ, ವಿದ್ಯುತ್ ಬಿಲ್ಲು, ಬಸ್ಸಿನ ಫಲಕ, ಸಹಕಾರಿ ಬ್ಯಾಂಕಿನ ಪಾಸ್‌ಬುಕ್ಕುಗಳೆಲ್ಲ ಮರಾಠಿಯಲ್ಲಿ ಬರುತ್ತವೆ. ಎರಡು ಭಾಷೆಗಳು ಒಂದೇ ದಿನದ ಬೇರೆ ಬೇರೆ ಹೊತ್ತನ್ನು ಹಂಚಿಕೊಂಡಿರುವ ಇಂಥ ಕಡೆಯಲ್ಲಿ ಮರದ ಕೊಂಬೆಯಂಥ ತೀರ ಸಾಮಾನ್ಯ ವಸ್ತುವಿನ ಹೆಸರು ಯಾವ ಯಾವ ದಿಕ್ಕಿಗೆ ಹಬ್ಬಿದೆ ಎಂಬುದನ್ನು ಹಿಂಬಾಲಿಸಿ ಹೋದರೆ, ಹೊಲದಲ್ಲಿ ಒಂದು ಪದ, ರಸ್ತೆಯಲ್ಲಿ ಇನ್ನೊಂದು, ಕಚೇರಿಯಲ್ಲಿ ಮತ್ತೊಂದು ಎಂಬ ಸ್ಪಷ್ಟ ಹಂಚಿಕೆ ಕಣ್ಣಿಗೆ ಬೀಳುತ್ತದೆ. ಅದರೊಂದಿಗೆ ಅನಿರೀಕ್ಷಿತವಾದ ಇನ್ನೊಂದು ಸಂಗತಿಯೂ ತಿಳಿದುಬರುತ್ತದೆ: ಗಡಿಯ ಕನ್ನಡಿಗರಿಗೆ ತೊಡಕಾಗಿರುವುದು ಮರಾಠಿಯಿಂದ ಬಂದ ಹೊಸ ಪದವಲ್ಲ, ಎರಡೂ ಭಾಷೆಗಳಲ್ಲಿ ಒಂದೇ ಕಾಗುಣಿತದಲ್ಲಿ ನಿಂತಿರುವ ಹಳೆಯ ಸಂಸ್ಕೃತ ಪದ.

ಮೊದಲು ಹೊಲದ ಮಾತನ್ನು ನೋಡಬೇಕು. ಈ ಸೀಮೆಯಲ್ಲಿ ‘ಮರ’ ಎಂಬ ಪದ ಬಹುಮಟ್ಟಿಗೆ ಪುಸ್ತಕಕ್ಕೆ ಸರಿದು ಅದರ ಜಾಗವನ್ನು ‘ಗಿಡ’ ತುಂಬಿದೆ. ನೂರು ವರ್ಷದ ಹುಣಸೆಯೂ ಗಿಡವೇ, ಊರಿನಷ್ಟು ಹಳೆಯದಾದ ಆಲವೂ ಗಿಡವೇ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ’ ಎಂಬ ಗಾದೆಯನ್ನು ಪಠ್ಯದಲ್ಲಿ ಓದುವ ಮಗುವಿಗೆ ಇಲ್ಲಿ ಮೊದಲು ಗಿಡ ಬೇರೆ, ಮರ ಬೇರೆ ಎಂಬುದನ್ನೇ ವಿವರಿಸಬೇಕಾಗುತ್ತದೆ. ಗಿಡದ ಕಾಂಡಕ್ಕೆ ‘ಬೊಡ್ಡಿ’ ಎನ್ನುತ್ತಾರೆ, ಬೊಡ್ಡಿಯಿಂದ ಹೊರಟ ದಪ್ಪ ಅಂಗವೇ ‘ಟೊಂಗಿ’, ಟೊಂಗಿಯ ಪಕ್ಕದಿಂದ ಒಡೆದದ್ದು ‘ಟಿಸಿಲು’, ತುದಿಯ ಎಳೆಯ ಭಾಗ ‘ಕುಡಿ’. ಗಿಡದಿಂದ ಬೇರೆಯಾದ ಕೂಡಲೇ ಅದೇ ಟೊಂಗಿ ತನ್ನ ಹೆಸರನ್ನು ಬಿಟ್ಟುಕೊಟ್ಟು, ಉಪಯೋಗಕ್ಕೆ ತಕ್ಕ ಹೆಸರನ್ನು ಪಡೆಯುತ್ತದೆ. ಎಲೆ ಸಮೇತ ಮುರಿದು ಆಡಿನ ಮುಂದೆ ಹಾಕಿದರೆ ‘ತಪ್ಪಲ’, ಒಣಗಿ ಒಲೆಯ ಬಾಯಿಗೆ ಬಂದರೆ ‘ಕಟಗಿ’, ಜಾಲಿಯದಾಗಿ ಹೊಲದ ಬೇಲಿಗೆ ಬಿದ್ದರೆ ‘ಮುಳ್ಳಕಂಟಿ’, ಬೇವಿನದಾಗಿ ಹಲ್ಲಿಗೆ ಬಂದರೆ ‘ಕಡ್ಡಿ’. ಬರದ ನಾಡಿನಲ್ಲಿ ಟೊಂಗಿಯೊಂದು ವ್ಯರ್ಥವಾಗಿ ಬಿದ್ದಿರುವುದು ಅಪರೂಪ, ಆದ್ದರಿಂದ ಹೆಸರಿಲ್ಲದೆ ಬಿದ್ದಿರುವುದೂ ಅಪರೂಪ.

ಹಬ್ಬದ ದಿನಗಳಲ್ಲಿ ಈ ಪದಗಳು ಮರಾಠಿಯ ಜೊತೆ ಸಹಜವಾಗಿ ಕೂಡಿಕೊಳ್ಳುತ್ತವೆ. ವಿಜಯದಶಮಿಯಂದು ಕನ್ನಡದ ಮನೆಗಳವರು ಬನ್ನಿಯ ಟೊಂಗಿ ತಂದು ಎಲೆ ಹಂಚಿ ಬಂಗಾರದ ಹಾಗೆ ಇರೋಣವೆಂದು ಹೇಳಿಕೊಂಡರೆ, ಮರಾಠಿಯ ಮನೆಗಳವರು ಆಪಟಾ ಗಿಡದ ಎಲೆಯನ್ನು ‘ಸೋನಂ’ ಎಂದರೆ ಚಿನ್ನವೆಂದು ಕೊಡುತ್ತಾರೆ. ಯುಗಾದಿಯ ದಿನ ಒಂದು ಮನೆಯಲ್ಲಿ ಬೇವಿನ ತಪ್ಪಲ ಬೆಲ್ಲದೊಂದಿಗೆ ಬೆರೆಯುತ್ತದೆ, ಪಕ್ಕದ ಮನೆಯಲ್ಲಿ ಅದೇ ಗಿಡದಿಂದ ಮುರಿದ ಬೇವಿನ ‘ಡಹಾಳಿ’ ಮರಾಠಿಯಲ್ಲಿ ‘ಗುಡಿ’ ಎನ್ನುವ ಹಬ್ಬದ ಧ್ವಜದ ಕೋಲಿನ ತುದಿಯಲ್ಲಿ ಕಟ್ಟಿಸಿಕೊಳ್ಳುತ್ತದೆ. ಡಹಾಳಿ ಎಂದರೆ ಮರಾಠಿಯಲ್ಲಿ ಎಲೆ ತುಂಬಿದ ಚಿಕ್ಕ ಟೊಂಗೆ. ಹಸಿ ಕಡಲೆಯ ಗಿಡಗಳಿಗೂ ಇದರಿಂದಲೇ ಡಹಾಳೆ ಎಂಬ ಹೆಸರು ಬಂದಿದೆ.

ಟೊಂಗಿ ಎಂಬುದು ಉತ್ತರ ಕರ್ನಾಟಕದ ಪದವೆಂದೂ ಕೊಂಬೆ ಎಂಬುದು ಶಿಷ್ಟ ಪದವೆಂದೂ ತಿಳಿಯುವುದು ವಾಡಿಕೆಯಾದರೂ ಕನ್ನಡ ನಾಡಿನಲ್ಲಿ ಈ ವಸ್ತುವಿಗೆ ಎಲ್ಲರಿಗೂ ಒಪ್ಪಿಗೆಯಾದ ಒಂದೇ ಹೆಸರು ಎಂದೂ ಇದ್ದಂತಿಲ್ಲ. ದಕ್ಷಿಣದ ಜಿಲ್ಲೆಗಳಲ್ಲಿ ಹರೆ, ಕರಾವಳಿಯಲ್ಲಿ ತುಳುವಿನೊಂದಿಗೆ ಹಂಚಿಕೊಂಡ ಗೆಲ್ಲು, ತೆಲುಗಿನ ರೆಮ್ಮಕ್ಕೆ ಹತ್ತಿರವಾದ ರೆಂಬೆ, ಎರಡಾಗಿ ಸೀಳಿದ ಜಾಗವನ್ನು ಒತ್ತಿ ಹೇಳುವ ಕವಲು, ಹೀಗೆ ಪದಗಳು ಸೀಮೆಗೊಂದರಂತೆ ಬದಲಾಗುತ್ತ ಹೋಗುತ್ತವೆ. ಇವುಗಳಲ್ಲಿ ಅರ್ಥದ ದೃಷ್ಟಿಯಿಂದ ಹೆಚ್ಚು ಹರಡಿರುವುದು ಕೊಂಬೆಯ ಮೂಲವಾದ ‘ಕೊಂಬು’. ತಮಿಳಿನಲ್ಲಿ ಇಂದಿಗೂ ಅದು ಮರದ ಕೊಂಬೆಯನ್ನೂ ಪ್ರಾಣಿಯ ಕೊಂಬನ್ನೂ ಒಟ್ಟಿಗೆ ಸೂಚಿಸುತ್ತದೆ. ಕನ್ನಡ ಮಾತ್ರ ಕೊನೆಯ ಸ್ವರವನ್ನು ಬದಲಿಸಿಕೊಂಡು ಕೊಂಬು ಪಶುವಿಗೆ, ಕೊಂಬೆ ಮರಕ್ಕೆ ಎಂದು ಪಾಲು ಮಾಡಿಕೊಂಡಿತು. ಪಶುವಿನ ಪಾಲಿಗೆ ಹೋದ ಕೊಂಬು ಅಲ್ಲಿಗೇ ನಿಲ್ಲದೆ ಜಾತ್ರೆಯಲ್ಲಿ ಊದುವ ಕಹಳೆಯೂ ಆಯಿತು, ಸೊಕ್ಕಿನ ಮನುಷ್ಯನ ತಲೆಯ ಮೇಲೂ ಮೂಡಿತು, ಕೊನೆಗೆ ಅಕ್ಷರಮಾಲೆಯೊಳಗೂ ಬಂದು ಕುಳಿತು ‘ಕು’ ಎಂಬಲ್ಲಿ ಕಕಾರದ ಬಲಕ್ಕೆ ಬಾಗಿದ ಗೆರೆಯ ಹೆಸರಾಯಿತು. ಕೊಂಬಿನ ಜೊತೆಗಾರ ಪದವಾದ ‘ಕೋಡು’ ಕೂಡ ದ್ರಾವಿಡ ಭಾಷೆಗಳಲ್ಲಿ ಕೊಂಬು, ಕೊಂಬೆ, ಬೆಟ್ಟದ ತುದಿ ಎಂಬ ಮೂರು ಅರ್ಥಗಳನ್ನು ಹೊತ್ತಿದ್ದು, ಕನ್ನಡದಲ್ಲಿ ಕೋಡುಗಲ್ಲು ಎಂಬಂಥ ಮಾತುಗಳಲ್ಲಿ ಕೊನೆಯ ಅರ್ಥ ಗಟ್ಟಿಯಾಗಿ ಉಳಿದಿದೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ಪ್ರಕಟವಾದ ಕಿಟ್ಟೆಲ್ ಅವರ ನಿಘಂಟನ್ನೂ, ಬರೋ ಮತ್ತು ಎಮೆನೋ ಅವರು 1961ರಲ್ಲಿ ಹೊರತಂದ ದ್ರಾವಿಡ ವ್ಯುತ್ಪತ್ತಿ ಕೋಶವನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದವರಿಗೆ ಈ ಪದಕುಟುಂಬದ ವ್ಯಾಪ್ತಿ ಚೆನ್ನಾಗಿ ಗೊತ್ತಾಗುತ್ತದೆ.

ಕೊಂಬು ಮತ್ತು ಕೊಂಬೆಗಳನ್ನು ಒಂದೇ ಕಣ್ಣಿನಿಂದ ನೋಡಿದ್ದು ದ್ರಾವಿಡರು ಮಾತ್ರವಲ್ಲ. ಪಾರ್ಸಿಯ ‘ಶಾಖ್’ ಕೂಡ ಕೊಂಬೆ ಮತ್ತು ಪಶುವಿನ ಕೊಂಬು ಎರಡಕ್ಕೂ ಸಲ್ಲುತ್ತದೆ. ಆದಿಲಶಾಹಿಯ ಕಾಲದಲ್ಲಿ ವಿಜಯಪುರದ ದರಬಾರಿನಲ್ಲಿ ಆಳಿದ ಭಾಷೆ ಅದು, ಉರ್ದುವಿನಲ್ಲಿ ಇಂದಿಗೂ ಗಿಡದ ಟೊಂಗೆ ಶಾಖ್. ಪಾರ್ಸಿಯ ಶಾಖ್, ಸಂಸ್ಕೃತದ ಶಾಖಾ, ಬಾಲ್ಟಿಕ್ ಸಮುದ್ರ ತೀರದ ಲಿಥುವೇನಿಯನ್ ಭಾಷೆಯ ‘ಶಕಾ’ ಈ ಮೂರೂ ಒಂದೇ ಮೂಲದಿಂದ ಇಳಿದವು ಎಂದು ಭಾಷಾವಿಜ್ಞಾನಿಗಳು ತೋರಿಸಿದ್ದಾರೆ. ರಷ್ಯನ್ನಿನ ‘ಸೊಖಾ’ವೂ ಇದೇ ಬಳಗದ್ದು, ಆದರೆ ಅಲ್ಲಿ ಅದು ಎರಡು ಕವಲಿನ ಮರದ ನೇಗಿಲಿಗೆ ಹೆಸರಾಗಿದೆ, ಲಿಥುವೇನಿಯನ್ನಿನಲ್ಲಿ ಹುಲ್ಲು ಎತ್ತುವ ಕವೆಗೋಲಿನ ಹೆಸರು ಟೊಂಗೆಯ ಹೆಸರಿನಿಂದಲೇ ಹುಟ್ಟಿದೆ. ಟೊಂಗೆಯಿಂದ ಉಪಕರಣಕ್ಕೆ ದಾಟುವ ಈ ದಾರಿ ಕನ್ನಡ ಒಕ್ಕಲಿಗರಿಗೆ ಅಪರಿಚಿತವೇನಲ್ಲ. ಬಿತ್ತುವ ಕೂರಿಗೆಯಲ್ಲಿ ಬೀಜ ಇಳಿಯುವ ಸಾಲುಗಳನ್ನು ‘ತಾಳು’ಗಳೆಂದು ಎಣಿಸಿ ಎರಡು ತಾಳಿನ ಕೂರಿಗೆ, ಮೂರು ತಾಳಿನ ಕೂರಿಗೆ ಎನ್ನುವಾಗ ಅಲ್ಲಿಯೂ ಗಿಡದ ದಂಟೇ ಉಪಕರಣದ ಅಂಗವಾಗಿದೆ, ಏಕೆಂದರೆ ಹಳಗನ್ನಡದ ತಾಳ್ ಎಂದರೆ ದಂಟು.

ಇದೇ ಬಾಲ್ಟಿಕ್ ತೀರದ ಲಾಟ್ವಿಯನ್ ಭಾಷೆ ಮಾತ್ರ ಟೊಂಗೆಗೆ ‘ಜರ್ಸ್’ ಎಂಬ ಬೇರೆಯದೇ ಪದವನ್ನು ಬಳಸುತ್ತದೆ. ಮ್ಯುಲೆನ್‌ಬಾಖ್ ಆರಂಭಿಸಿ, ಅವರ ಮರಣಾನಂತರ ಎಂಡ್ಜೆಲಿನ್ ಪೂರೈಸಿ 1923ರಿಂದ 1932ರ ನಡುವೆ ಪ್ರಕಟವಾದ ಲಾಟ್ವಿಯನ್ ನಿಘಂಟು ಆ ಭಾಷೆಯ ಕಿಟ್ಟೆಲ್ ಎನ್ನಬಹುದಾದ ಕೃತಿ. ಜರ್ಸ್ ಎಂದರೆ ಮರದ ಟೊಂಗೆ, ಕವೆಗೋಲಿನ ಹಲ್ಲು, ಜಿಂಕೆಯ ಕೊಂಬಿನ ಕವಲು. ಅದರ ಹಿಂದೆ ಉಪಸರ್ಗ ಸೇರಿಸಿ ಮಾಡಿದ ‘ನುವೊಜರೆ’ ಎಂದರೆ ಉದ್ಯಮದ ಅಥವಾ ಜ್ಞಾನದ ಒಂದು ವಿಭಾಗ. ಹಸಿರು ಟೊಂಗೆಯ ಮೇಲೆ ಏರುವುದು ಎಂದರೆ ಕೈಕಾಲು ಆಡಿ ಬದುಕು ಹಸನಾಗುವುದು. ಆದರೆ ಬ್ಯಾಂಕಿನ ಶಾಖೆಗೆ ಅವರು ಟೊಂಗೆಯ ಹತ್ತಿರ ಹೋಗದೆ ‘ಫಿಲಿಯಾಲೆ’ ಎನ್ನುತ್ತಾರೆ, ಅದರ ಮೂಲ ಮಗಳು ಎಂಬ ಅರ್ಥದ ಲ್ಯಾಟಿನ್ ಪದ. ಒಂದು ಭಾಷೆ ಟೊಂಗೆಯನ್ನು ಎಲ್ಲಿಯವರೆಗೆ ಎಳೆಯುತ್ತದೆ, ಎಲ್ಲಿ ಕೈಬಿಟ್ಟು ಮಗಳನ್ನು ಕರೆಯುತ್ತದೆ ಎಂಬುದು ಆ ಭಾಷೆಯ ಇಷ್ಟಕ್ಕೆ ಸೇರಿದ್ದು. ಕನ್ನಡ ಮತ್ತು ಮರಾಠಿಗಳೆರಡೂ ಶಾಖೆಯನ್ನು ಎಳೆದಷ್ಟು ದೂರ ಲಾಟ್ವಿಯನ್ನರು ಜರ್ಸ್ ಅನ್ನು ಎಳೆದಿಲ್ಲ.

ಜತ್ತ ತಾಲ್ಲೂಕಿನಲ್ಲಿ ಟೊಂಗೆಯ ಬಗ್ಗೆ ಎಲ್ಲಕ್ಕಿಂತ ಹೆಚ್ಚು ಮಾತು ನಡೆಯುವುದು ದ್ರಾಕ್ಷಿ ಮತ್ತು ದಾಳಿಂಬೆಯ ತೋಟಗಳಲ್ಲಿ. ಜೋಳ, ತೊಗರಿಗಳ ನಾಡಾಗಿದ್ದ ಈ ಸೀಮೆಗೆ ದ್ರಾಕ್ಷಿ ಬಂದದ್ದು ತಾಸಗಾಂವ ಮತ್ತು ಮಿರಜದ ಕಡೆಯಿಂದ. ಆದ್ದರಿಂದ ಬೆಳೆಯ ಹಿಂದೆಯೇ ಮರಾಠಿ ಪದಗಳೂ ಬಂದವು. ಬಳ್ಳಿ ಸವರುವುದಕ್ಕೆ ‘ಛಾಟಣಿ’ ಎಂದೇ ಕನ್ನಡದ ರೈತರೂ ಹೇಳುತ್ತಾರೆ, ವರ್ಷಕ್ಕೆ ಎರಡು ಛಾಟಣಿ. ಏಪ್ರಿಲ್ ಛಾಟಣಿಯಲ್ಲಿ ಹಣ್ಣು ಕೊಟ್ಟು ಮುಗಿದ ಹಳೆಯ ಕಡ್ಡಿಯನ್ನು ಬುಡದಲ್ಲಿ ಒಂದೆರಡು ಕಣ್ಣು ಮಾತ್ರ ಉಳಿಸಿ ಕತ್ತರಿಸುತ್ತಾರೆ. ಅಲ್ಲಿಂದ ಹೊರಟ ಹೊಸ ಕಡ್ಡಿ ಏಳೆಂಟು ಎಲೆ ಬಿಟ್ಟಾಗ ಐದನೆಯ ಎಲೆಯ ಮೇಲೆ ಕುಡಿಯನ್ನು ಚಿವುಟಿದರೆ, ಪಕ್ಕದ ಕಣ್ಣು ಒಡೆದು ಇನ್ನೊಂದು ಉಪಕಡ್ಡಿ ಹೊರಡುತ್ತದೆ. ರೈತರು ಇಂಗ್ಲಿಷಿನಲ್ಲಿಯೇ ‘ಸಬ್‌ಕೇನ್’ ಎಂದು ಕರೆಯುವ ಈ ಉಪಕಡ್ಡಿಯ ಗೆಣ್ಣಿನ ಹತ್ತಿರದ ಕಣ್ಣುಗಳಲ್ಲಿಯೇ ಬೇಸಿಗೆಯ ಬಿಸಿಲು ಬೆಳಕಿನ ಬಲದಿಂದ ಮುಂದಿನ ಫಸಲಿನ ಗೊನೆ ಒಳಗೊಳಗೇ ರೂಪುಗೊಳ್ಳುತ್ತದೆ. ಹೊರನೋಟಕ್ಕೆ ಏನೂ ಕಾಣದಿದ್ದರೂ ಕಣ್ಣನ್ನು ಉದ್ದಕ್ಕೆ ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟರೆ ಗೊನೆಯ ಮೊಳಕೆ ಇದೆಯೋ ಬರಿಯ ಬಳ್ಳಿಯೋ ಎಂಬುದು ಗೊತ್ತಾಗುತ್ತದೆ. ಅಕ್ಟೋಬರ್ ಸುಮಾರಿಗೆ ಎರಡನೆಯ ಛಾಟಣಿ. ಆ ಹೊತ್ತಿಗೆ ಕಂದುಬಣ್ಣಕ್ಕೆ ತಿರುಗಿ ಬಲಿತ ಕಡ್ಡಿಯನ್ನು ಗೊನೆಯಿರುವ ಕಣ್ಣನ್ನು ನೋಡಿಕೊಂಡು ಕತ್ತರಿಸಿ, ಉಳಿದ ತುದಿಗಣ್ಣುಗಳಿಗೆ ಹೈಡ್ರೋಜನ್ ಸಯನಮೈಡ್ ದ್ರಾವಣ ಹಚ್ಚುತ್ತಾರೆ, ಇಲ್ಲವಾದರೆ ಎಲ್ಲ ಕಣ್ಣುಗಳೂ ಒಂದೇ ಸಮಕ್ಕೆ ಒಡೆಯುವುದಿಲ್ಲ. ಒಂದು ಕಣ್ಣು ಆಚೀಚೆ ಕತ್ತರಿಸಿದರೆ ಗೊನೆ ಹೋಗಿ ಬರಿಯ ಎಲೆ ಬರುವುದರಿಂದ, ತೋಟದ ಮಾತಿನಲ್ಲಿ ಟೊಂಗಿ ಎಂಬ ದೊಡ್ಡ ಪದ ಉಪಯೋಗಕ್ಕೆ ಬರುವುದು ಕಡಿಮೆ. ಅಲ್ಲಿ ನಡೆಯುವುದೆಲ್ಲ ಕಡ್ಡಿ ಮತ್ತು ಕಣ್ಣಿನ ಲೆಕ್ಕ.

ಆ ಕಡ್ಡಿಯೂ ತನ್ನ ಸ್ವಂತ ಬೇರಿನ ಮೇಲೆ ನಿಂತಿರುವುದು ಈಗ ಕಡಿಮೆ. ಸುಣ್ಣ ಮತ್ತು ಉಪ್ಪಿನಂಶವಿರುವ ನೆಲವನ್ನೂ ನೀರಿನ ಕೊರತೆಯನ್ನೂ ತಡೆದುಕೊಳ್ಳಲೆಂದು ಮಹಾರಾಷ್ಟ್ರದ ದ್ರಾಕ್ಷಿ ಬೆಳೆಗಾರರು ‘ಡಾಗ್‌ರಿಜ್’ ಎಂಬ ಅಮೆರಿಕದ ಕಾಡುದ್ರಾಕ್ಷಿಯ ಬೇರುಗಿಡವನ್ನು ನೆಟ್ಟು, ಅದರ ಮೇಲೆ ಥಾಮ್ಸನ್ ಸೀಡ್‌ಲೆಸ್ ಅಥವಾ ಸಾಂಗಲಿ ಜಿಲ್ಲೆಯ ಬೋರಗಾಂವದಲ್ಲಿಯೇ ಗುರುತಿಸಲಾದ ತಾಸ್-ಎ-ಗಣೇಶ ತಳಿಯ ಕಡ್ಡಿಯನ್ನು ಕಸಿ ಮಾಡುತ್ತಾರೆ. ಈ ಕಸಿಗೆ ಸೀಮೆಯಲ್ಲಿ ‘ಕಲಮು’ ಎಂಬ ಹೆಸರಿದ್ದು, ಅರಬ್ಬಿಯಿಂದ ಪಾರ್ಸಿಯ ಮೂಲಕ ಇಳಿದುಬಂದ ಆ ಪದದ ಮೊದಲ ಅರ್ಥ ಬರೆಯುವ ಲೇಖನಿ. ಓರೆಯಾಗಿ ಚೂಪು ಮಾಡಿದ ಕಡ್ಡಿ ಎರಡೂ ಕೆಲಸಗಳಲ್ಲಿ ಒಂದೇ ರೀತಿ ಕಾಣುತ್ತದೆ. ದಾಳಿಂಬೆಯ ಕಥೆ ಇಷ್ಟು ಸೂಕ್ಷ್ಮವಲ್ಲ, ಅಲ್ಲಿ ಬುಡದಿಂದ ಮೂರೋ ನಾಲ್ಕೋ ಕಾಂಡ ಬಿಟ್ಟು ಉಳಿದ ಚಿಗುರನ್ನೆಲ್ಲ ತೆಗೆಯುವುದು ಮುಖ್ಯ ಕೆಲಸ. ತೊಗರಿಯಲ್ಲಿ ಮಾತ್ರ ಹಳೆಯ ಕನ್ನಡ ಪದ ಹಾಗೆಯೇ ಉಳಿದಿದೆ: ಬಿತ್ತಿ ಒಂದೂವರೆ ತಿಂಗಳಾದ ಮೇಲೆ ‘ಕುಡಿ ಚಿವುಟಿದರೆ’ ಟಿಸಿಲು ಹೆಚ್ಚಾಗಿ ಕಾಯಿಯೂ ಹೆಚ್ಚುತ್ತದೆ.

ಹೊಲದಿಂದ ರಸ್ತೆಗೆ ಬಂದ ಕೂಡಲೇ ಟೊಂಗಿ ತನ್ನ ಅಧಿಕಾರವನ್ನು ಮರಾಠಿಯ ‘ಫಾಟಾ’ಕ್ಕೆ ಬಿಟ್ಟುಕೊಡುತ್ತದೆ. ಸೀಳು ಎಂಬ ಅರ್ಥದ ‘ಫಾಟಣೆ’ ಎಂಬ ಕ್ರಿಯಾಪದಕ್ಕೆ ಸಂಬಂಧಿಸಿದ ಈ ಪದ ಮರಾಠಿಯಲ್ಲಿ ಗಿಡದ, ಹೊಳೆಯ, ದಾರಿಯ ಯಾವುದೇ ಕವಲಿಗೂ ಸಲ್ಲುವಂಥದು. ಆದರೆ ಇಂದಿನ ಬಳಕೆಯಲ್ಲಿ ಫಾಟಾ ಎಂದರೆ ದೊಡ್ಡ ರಸ್ತೆಯಿಂದ ಹಳ್ಳಿಯ ದಾರಿ ಒಡೆದು ಹೋಗುವ ಜಾಗ, ಬಸ್ಸು ನಿಲ್ಲುವ ತಾಣ, ಕ್ರಮೇಣ ಒಂದು ಚಹಾದ ಅಂಗಡಿ, ಒಂದು ಪಂಕ್ಚರ್ ಅಂಗಡಿ, ಗೊಬ್ಬರ ಔಷಧದ ಎರಡು ಮಳಿಗೆ ಸೇರಿ ತಾನೇ ಒಂದು ಪುಟ್ಟ ಊರಾಗುವ ಸ್ಥಳ. ಗಡಿ ದಾಟಿ ಕರ್ನಾಟಕದೊಳಗೆ ಬಂದರೆ ಇದೇ ಬಗೆಯ ಜಾಗಕ್ಕೆ ‘ಕ್ರಾಸ್’ ಎಂಬ ಹೆಸರು. ಇಂಗ್ಲಿಷಿನಲ್ಲಿ ಕ್ರಾಸ್ ಎಂದರೆ ಎರಡು ದಾರಿಗಳು ಒಂದನ್ನೊಂದು ಹಾಯುವ ಸ್ಥಳ, ಕನ್ನಡದ ಕ್ರಾಸಿನಲ್ಲಾದರೋ ಬಹುತೇಕ ಒಂದೇ ದಾರಿ ಒಡೆದು ಹೋಗುತ್ತದೆ, ಯಾವುದೂ ಯಾವುದನ್ನೂ ಹಾಯುವುದಿಲ್ಲ. ಅರ್ಥದ ದೃಷ್ಟಿಯಿಂದ ಮರಾಠಿಯ ಫಾಟಾವೇ ಹೆಚ್ಚು ಪ್ರಾಮಾಣಿಕ ಎಂದು ಹೇಳಬೇಕಾಗುತ್ತದೆ. ಮಲೆನಾಡಿನವರು ಇಂಥ ಕಡೆ ನೆಟ್ಟ, ಊರುಗಳ ದಿಕ್ಕು ತೋರಿಸುವ ಕಂಬವನ್ನು ‘ಕೈಮರ’ ಎಂದು ಕರೆದದ್ದು ಇನ್ನೂ ಸೊಗಸಾದ ಕಲ್ಪನೆ. ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಹೋಗುವ ದಾರಿಯಲ್ಲಿ ಕೈಮರ ಎಂಬುದೇ ಊರಿನ ಹೆಸರಾಗಿ ನಿಂತಿದೆ.

ನೀರಿನ ವಿಷಯದಲ್ಲಿಯೂ ಫಾಟಾವೇ ರೂಢಿ. ಮಿರಜ ತಾಲ್ಲೂಕಿನ ಮ್ಹೈಸಾಳದಲ್ಲಿ ಕೃಷ್ಣೆಯ ನೀರನ್ನು ಹಂತಹಂತವಾಗಿ ಮೇಲೆತ್ತಿ ಕವಠೆ ಮಹಾಂಕಾಳ, ಜತ್ತಗಳ ಕಡೆ ಹರಿಸುವ ಏತ ನೀರಾವರಿ ಯೋಜನೆಯ ಕಾಗದಗಳಲ್ಲಿ ಮುಖ್ಯ ಕಾಲುವೆ, ಶಾಖಾ ಕಾಲುವೆ, ವಿತರಣಾ ಕಾಲುವೆ ಎಂಬ ಶ್ರೇಣಿಯಿದ್ದರೂ ರೈತರ ಬಾಯಲ್ಲಿ ಫಾಟಾಕ್ಕೆ ನೀರು ಬಿಟ್ಟರೋ ಇಲ್ಲವೋ ಎಂಬುದೊಂದೇ ಪ್ರಶ್ನೆ. ಯೋಜನೆಯ ನೀರು ಜತ್ತದ ಪೂರ್ವದ ಊರುಗಳನ್ನು ಮುಟ್ಟದೆ ಉಳಿದದ್ದೇ ಆ ಭಾಗದ ಹಲವು ಗ್ರಾಮಗಳು ಕರ್ನಾಟಕಕ್ಕೆ ಸೇರುವ ಠರಾವು ಮಾಡಲು ಕಾರಣವಾಯಿತು, ಮತ್ತು 2022ರ ಕೊನೆಯಲ್ಲಿ ಎರಡೂ ರಾಜ್ಯಗಳ ನಾಯಕರ ಹೇಳಿಕೆಗಳಿಂದ ಅದು ಮತ್ತೆ ದೊಡ್ಡ ಸುದ್ದಿಯಾಯಿತು. ವಿಚಿತ್ರವೆಂದರೆ ನೀರಿಲ್ಲದ ಈ ತಾಲ್ಲೂಕಿನಲ್ಲಿಯೇ ದೋಣಿ ನದಿ ಹುಟ್ಟುತ್ತದೆ, ಆದರೆ ಅದು ತನ್ನ ಎರೆಮಣ್ಣಿನ ಜೋಳದ ಸಿರಿಯನ್ನೆಲ್ಲ ವಿಜಯಪುರ ಜಿಲ್ಲೆಗೆ ಕೊಟ್ಟು ಕೃಷ್ಣೆಯನ್ನು ಸೇರುತ್ತದೆ. ಹೀಗೆ ಒಡೆಯದೆ ಕೂಡುವ ನದಿಗೆ ಟೊಂಗೆಯ ಹೆಸರು ಸಲ್ಲದು, ಕನ್ನಡ ಅದನ್ನು ಉಪನದಿ ಎನ್ನುತ್ತದೆ. ಮಾತಿನಲ್ಲಿ ಮಾತ್ರ ಫಾಟಾ ಒಳ್ಳೆಯ ಅರ್ಥದಲ್ಲಿ ಬರುವುದು ಕಡಿಮೆ. ನಡೆಯುತ್ತಿರುವ ಚರ್ಚೆಗೆ ಸಂಬಂಧವಿಲ್ಲದ ತಕರಾರು ಎತ್ತಿ ಕೆಲಸ ಕೆಡಿಸುವುದನ್ನು ಮರಾಠಿಗರು ‘ಫಾಟೆ ಫೋಡಣೆ’, ಅಂದರೆ ಕವಲು ಒಡೆಸುವುದು, ಎನ್ನುತ್ತಾರೆ, ಮತ್ತು ಈ ಕಲೆಯಲ್ಲಿ ಪಳಗಿದವರು ಎಲ್ಲ ಊರಿನ ಪಂಚಾಯಿತಿಗಳಲ್ಲಿಯೂ ಇರುತ್ತಾರೆ.

ಮನೆತನಗಳ ವಿಷಯಕ್ಕೆ ಹೆಚ್ಚು ಹೇಳಬೇಕಾದದ್ದಿಲ್ಲ. ವಂಶದ ಕುಡಿ ಎಂಬ ಕನ್ನಡದ ಮಾತು ಟೊಂಗೆಯ ತುದಿಯಿಂದ ಬಂದದ್ದು, ದಾಯಾದಿಗಳ ಬಳಗಕ್ಕೆ ಗಡಿಯಲ್ಲಿ ಮರಾಠಿಯ ‘ಭಾವಕಿ’ ಎಂಬುದೇ ಬಳಕೆ. ಆದರೆ ಮನೆತನವೂ ಟೊಂಗೆಯಂತೆ ಕವಲೊಡೆಯುತ್ತದೆ ಎಂಬುದಕ್ಕೆ ಜತ್ತದ ಇತಿಹಾಸದಲ್ಲಿಯೇ ಒಂದು ನಿದರ್ಶನವಿದೆ. ಆದಿಲಶಾಹಿಯಿಂದ ದೇಶಮುಖಿ ಪಡೆದ ಡಫಳೆ ಮನೆತನ ಜತ್ತವನ್ನು ಆಳುತ್ತಿದ್ದಾಗ, ಅದೇ ಮನೆತನದ ಮತ್ತೊಂದು ಶಾಖೆ ಡಫಳಾಪುರವೆಂಬ ಚಿಕ್ಕ ಸಂಸ್ಥಾನವನ್ನು ಬೇರೆಯಾಗಿ ಹಿಡಿದಿತ್ತು. ಬ್ರಿಟಿಷರು ಈ ಎರಡನ್ನೂ ಕೂಡಿಸಿ ಬಿಜಾಪುರ ಏಜೆನ್ಸಿ ಎಂದು ಕರೆದರು, 1917ರಲ್ಲಿ ಡಫಳಾಪುರ ಜತ್ತದಲ್ಲಿ ಸೇರಿಹೋಯಿತು, 1948ರಲ್ಲಿ ಜತ್ತವೇ ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡಿತು. ಮರುವರ್ಷ ದಕ್ಷಿಣ ಸಾತಾರಾ ಎಂಬ ಹೊಸ ಜಿಲ್ಲೆಯ ಭಾಗವಾದ ಈ ತಾಲ್ಲೂಕು, ಆ ಜಿಲ್ಲೆಗೆ 1960ರಲ್ಲಿ ಸಾಂಗಲಿ ಎಂಬ ಹೆಸರು ಬಂದಾಗ ಈಗಿನ ವಿಳಾಸವನ್ನು ಪಡೆಯಿತು. ಬಿಜಾಪುರ ಎಂಬ ಹೆಸರಿನಡಿಯಲ್ಲಿದ್ದ ಸಂಸ್ಥಾನ ಹೀಗೆ ಸಾಂಗಲಿಯ ಹೆಸರಿನಡಿಗೆ ಬಂದ ಮೇಲೆ ಕಚೇರಿಯ ಭಾಷೆ ಯಾವುದೆಂಬ ಪ್ರಶ್ನೆಯೂ ಅಲ್ಲಿಗೇ ತೀರ್ಮಾನವಾಯಿತು.

ಭಾಷೆಗಳನ್ನೇ ಮರದಂತೆ ಚಿತ್ರಿಸಿ, ಒಂದು ಮೂಲದಿಂದ ಕೊಂಬೆಗಳು ಒಡೆದಂತೆ ಭಾಷೆಗಳು ಬೇರೆಯಾದವೆಂದು ತೋರಿಸಿದವರು ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿದ್ವಾಂಸ ಶ್ಲೈಖರ್. ಆ ಚಿತ್ರದ ಪ್ರಕಾರ ಲಾಟ್ವಿಯನ್ ಮತ್ತು ಮರಾಠಿ ಒಂದೇ ಮರದ ದೂರದ ಕೊಂಬೆಗಳು, ಕನ್ನಡ ಬೇರೆಯದೇ ಮರದ್ದು. ಅವರ ಶಿಷ್ಯರಾದ ಯೋಹಾನೆಸ್ ಶ್ಮಿಟ್ 1872ರಲ್ಲಿಯೇ ಇದನ್ನು ಪ್ರಶ್ನಿಸಿ, ಭಾಷೆಯ ಬದಲಾವಣೆಗಳು ಅಲೆಯಂತೆ ನೆರೆಯಿಂದ ನೆರೆಗೆ ಹಬ್ಬುತ್ತವೆ, ಕೊಂಬೆಯಂತೆ ಒಡೆದು ದೂರವಾಗುವುದಿಲ್ಲ ಎಂದು ವಾದಿಸಿದ್ದರು. ಈ ವಾದಕ್ಕೆ ಜಗತ್ತಿನಲ್ಲಿಯೇ ಹೆಚ್ಚು ಉಲ್ಲೇಖವಾಗುವ ಪುರಾವೆಗಳಲ್ಲಿ ಒಂದು ಸಿಕ್ಕಿದ್ದು ಇದೇ ಸಾಂಗಲಿ ಜಿಲ್ಲೆಯಲ್ಲಿ. ಇಂದು ಸಾಂಗಲಿ-ಮಿರಜ-ಕುಪವಾಡ ಮಹಾನಗರಪಾಲಿಕೆಗೆ ಸೇರಿರುವ ಕುಪವಾಡ, ಆಗ ಜೈನರು ಮತ್ತು ಲಿಂಗಾಯತರು ಕನ್ನಡ, ಮುಸ್ಲಿಮರು ಉರ್ದು, ಇತರ ಕೆಲವರು ಮರಾಠಿ, ಒಂದು ಚಿಕ್ಕ ಗುಂಪು ತೆಲುಗು ಆಡುತ್ತಿದ್ದ ಹಳ್ಳಿ; ಅಲ್ಲಿ ಅಧ್ಯಯನ ನಡೆಸಿದ ಗಂಪರ್ಜ್ ಮತ್ತು ವಿಲ್ಸನ್ ಅವರು 1971ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಪದಗಳು ಬೇರೆ ಬೇರೆಯಾಗಿಯೇ ಉಳಿದಿದ್ದರೂ ವಾಕ್ಯದ ಕಟ್ಟಡ ಮಾತ್ರ ಬಹುಮಟ್ಟಿಗೆ ಒಂದೇ ಆಗಿಬಿಟ್ಟಿದೆ, ಒಂದು ಭಾಷೆಯ ವಾಕ್ಯದ ತುಂಡಿನ ಜಾಗದಲ್ಲಿ ಇನ್ನೊಂದರ ತುಂಡನ್ನಿಟ್ಟರೆ ಅನುವಾದವಾಗುತ್ತದೆ ಎಂದು ತೋರಿಸಿದರು. ಬೇರೆ ಕಡೆಯ ಕನ್ನಡದಲ್ಲಿ ‘ಇದು ನಮ್ಮ ಮನೆ’ ಎಂದು ಕ್ರಿಯಾಪದವಿಲ್ಲದೆ ಮುಗಿಯುವ ವಾಕ್ಯಕ್ಕೆ ಕುಪವಾಡದವರು ಮರಾಠಿಯ ಮಾದರಿಯಲ್ಲಿ ‘ಇರು’ ಧಾತುವಿನ ರೂಪವನ್ನು ಸೇರಿಸಿ ಹೇಳುತ್ತಿದ್ದರು. ಅಂದರೆ ಗಡಿಯ ಜನ ಭಾಷೆಯ ಒಳಗಟ್ಟನ್ನು ನೆರೆಯವರ ಜೊತೆ ಹಂಚಿಕೊಂಡು, ತಾವು ಯಾರೆಂದು ತೋರಿಸಿಕೊಳ್ಳಲು ಪದಗಳನ್ನು ಮಾತ್ರ ಕೈಯಲ್ಲಿ ಉಳಿಸಿಕೊಳ್ಳುತ್ತಾರೆ. ಟೊಂಗಿ ಇನ್ನೂ ಅದೇ ಅರ್ಥದ ಮರಾಠಿಯ ‘ಫಾಂದಿ’ಯಾಗದೆ ಟೊಂಗಿಯಾಗಿಯೇ ಉಳಿದಿರುವುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ಸಿಗುವುದು ಕಷ್ಟ.

ಹೀಗೆ ಪದಗಳೇ ಗುರುತಿನ ಚೀಟಿಗಳಾಗಿರುವಲ್ಲಿ, ಎರಡು ಭಾಷೆಗಳಲ್ಲಿಯೂ ಒಂದೇ ರೂಪದಲ್ಲಿರುವ ಪದ ಯಾರ ಗುರುತನ್ನೂ ಹೇಳುವುದಿಲ್ಲ, ಮೋಸ ಮಾಡುವ ಅವಕಾಶವೂ ಅದಕ್ಕೇ ಹೆಚ್ಚು. ‘ಶಾಖೆ’ ಅಂಥ ಪದ. ವೇದಪಾಠದ ಪರಂಪರೆಗಳನ್ನು ಋಗ್ವೇದದ ಶಾಕಲ ಶಾಖೆ, ಕೃಷ್ಣ ಯಜುರ್ವೇದದ ತೈತ್ತಿರೀಯ ಶಾಖೆ, ಶುಕ್ಲ ಯಜುರ್ವೇದದ ಕಾಣ್ವ ಮತ್ತು ಮಾಧ್ಯಂದಿನ ಶಾಖೆ ಎಂದು ಹೆಸರಿಸಿದ ಕಾಲದಿಂದಲೂ ಅದು ಮರವನ್ನು ಬಿಟ್ಟು ಸಂಸ್ಥೆಗೆ ಸೇರಿದ ಮಾತು. ಅದರ ಮರದ ಅರ್ಥ ಶಾಖಾಮೃಗವೆಂಬ ಕೋತಿಯ ಹೆಸರಿನಲ್ಲಿ ಮಾತ್ರ ಹೇಗೋ ಬದುಕಿದೆ. ಕನ್ನಡದಲ್ಲಿ ಬಿಸಿಗೆ ಶಾಖ ಎನ್ನುವುದರಿಂದಲೂ ಸಸ್ಯಾಹಾರದ ಶಾಕ ಪಕ್ಕದಲ್ಲಿಯೇ ಇರುವುದರಿಂದಲೂ ಗೊಂದಲ ಇನ್ನಷ್ಟು ಹೆಚ್ಚಿ, ಹೋಟೆಲುಗಳ ಫಲಕಗಳಲ್ಲಿ ‘ಶಾಖಾಹಾರಿ’ ಎಂಬ ಬರಹ ಸಾಮಾನ್ಯವಾಗಿದೆ. ಅಕ್ಷರಶಃ ತೆಗೆದುಕೊಂಡರೆ ಅಲ್ಲಿ ಟೊಂಗೆ ತಿನ್ನುವವರಿಗೆ ಮಾತ್ರ ಪ್ರವೇಶ. ಈ ಸೀಮೆಯ ಭಕ್ತರಿಗೆ ಶಾಖೆ ಎಂದರೆ ಮೊದಲು ಶಾಖಾಮಠ, ಅಂದರೆ ಬೇರೆ ಊರಿನ ಮೂಲಮಠಕ್ಕೆ ಅಧೀನವಾಗಿ ತಮ್ಮ ಊರಿನಲ್ಲಿರುವ ಮಠ. ರಾಷ್ಟ್ರೀಯ ಸ್ವಯಂಸೇವಕ ಸಂಘದವರಿಗೆ ಅದು ಮೈದಾನದಲ್ಲಿ ದಿನವೂ ಸೇರುವ ಕೂಟ.

ತೊಡಕು ಶುರುವಾಗುವುದು ಸರ್ಕಾರದ ಕಾಗದದಲ್ಲಿ. ಮಹಾರಾಷ್ಟ್ರದಲ್ಲಿ ‘ಶಾಖಾಧಿಕಾರಿ’ ಎಂದರೆ ಸಾಮಾನ್ಯವಾಗಿ ಬ್ಯಾಂಕಿನ ಶಾಖೆಯ ಮುಖ್ಯಸ್ಥ, ಸಚಿವಾಲಯದಲ್ಲಿ ಕಡತ ನೋಡುವ ಅಧಿಕಾರಿಗೆ ‘ಕಕ್ಷ ಅಧಿಕಾರಿ’ ಎಂಬ ಬೇರೆ ಹೆಸರಿದೆ. ಕರ್ನಾಟಕದಲ್ಲಿ ಶಾಖಾಧಿಕಾರಿ ವಿಧಾನಸೌಧದಲ್ಲಿ ಕಡತ ನೋಡುವವರು, ವಿದ್ಯುತ್ ಕಂಪನಿಯಾದ ಹೆಸ್ಕಾಂನಲ್ಲಿ ಊರಿನ ಕರೆಂಟು ನೋಡಿಕೊಳ್ಳುವ ಎಂಜಿನಿಯರು. ಬ್ಯಾಂಕಿನವರನ್ನು ಅಲ್ಲಿ ವ್ಯವಸ್ಥಾಪಕ ಅಥವಾ ಮ್ಯಾನೇಜರ್ ಎನ್ನುವುದೇ ರೂಢಿ. ಮರಾಠಿಯ ‘ಗುನ್ಹೆ ಶಾಖಾ’ ಪೊಲೀಸರ ಅಪರಾಧ ವಿಭಾಗ, ಆದರೆ ಅದನ್ನು ಅಪರಾಧ ಶಾಖೆ ಎಂದು ಕನ್ನಡಕ್ಕೆ ತಂದರೆ ವಿಜಯಪುರದ ಓದುಗ ಒಂದು ಕ್ಷಣ ತಡವರಿಸುತ್ತಾನೆ. ‘ಕನಿಷ್ಠ ಅಭಿಯಂತಾ’ ಎಂಬ ಮರಾಠಿ ಹುದ್ದೆಯನ್ನು ಕಂಡ ಕನ್ನಡಿಗನಿಗೆ ಅದು ಕಿರಿಯ ಎಂಜಿನಿಯರ್ ಎಂದು ಹೊಳೆಯುವ ಮೊದಲು ಎಂಜಿನಿಯರುಗಳಲ್ಲಿಯೂ ಕನಿಷ್ಠ, ಗರಿಷ್ಠಗಳಿವೆಯೇ ಎಂಬ ಸಂಶಯ ಬಂದರೆ ಆಶ್ಚರ್ಯವಿಲ್ಲ. ಅಂಚೆಯ ವಿಷಯದಲ್ಲಿ ಮಾತ್ರ ಈ ಗೊಂದಲವಿಲ್ಲ; ಒಂದು ಕಡೆ ಶಾಖಾ ಡಾಕಘರ, ಇನ್ನೊಂದು ಕಡೆ ಶಾಖಾ ಅಂಚೆ ಕಚೇರಿ, ಎರಡು ಕಡೆಯೂ ಅರ್ಥ ಒಂದೇ.

ಇದರ ಹೊರೆ ಹೆಚ್ಚಾಗಿ ಬೀಳುವುದು ಕನ್ನಡ ಶಾಲೆಗಳ ಮಕ್ಕಳ ಮೇಲೆ. ಜತ್ತದ ಗಡಿ ಊರುಗಳಲ್ಲಿ ಸಾಂಗಲಿ ಜಿಲ್ಲಾ ಪರಿಷತ್ತಿನ ಕನ್ನಡ ಮಾಧ್ಯಮ ಶಾಲೆಗಳಿವೆ, ಪುಣೆಯ ‘ಬಾಲಭಾರತಿ’ ಅವುಗಳಿಗೆ ಕನ್ನಡದಲ್ಲಿ ಪಠ್ಯಪುಸ್ತಕಗಳನ್ನು ಅಚ್ಚು ಹಾಕಿಸುತ್ತದೆ. ಆದರೆ ಹತ್ತನೆಯ ತರಗತಿ ದಾಟಿದ ಕೂಡಲೇ ದಾರಿ ಎರಡಾಗುತ್ತದೆ. ಜತ್ತದ ‘ಕನಿಷ್ಠ ಮಹಾವಿದ್ಯಾಲಯ’ಕ್ಕೆ, ಅಂದರೆ ಜೂನಿಯರ್ ಕಾಲೇಜಿಗೆ, ಸೇರುವವರು ಅರ್ಜಿಯ ‘ಶಾಖಾ’ ಎಂಬ ಕಾಲಮಿನಲ್ಲಿ ಕಲಾ, ವಾಣಿಜ್ಯ, ವಿಜ್ಞಾನಗಳಲ್ಲಿ ಒಂದನ್ನು ಬರೆಯಬೇಕು, ಏಕೆಂದರೆ ಮಹಾರಾಷ್ಟ್ರದಲ್ಲಿ ಹನ್ನೊಂದು, ಹನ್ನೆರಡನೆಯ ತರಗತಿಗಳ ವಿಷಯಗುಂಪಿಗೆ ಶಾಖಾ ಎಂದೇ ಹೆಸರು. ವಿಜಯಪುರದ ಪದವಿಪೂರ್ವ ಕಾಲೇಜಿಗೆ ಹೋಗುವವರು ಅದನ್ನೇ ‘ವಿಭಾಗ’ ಎಂಬ ಕಾಲಮಿನಲ್ಲಿ ಬರೆಯುತ್ತಾರೆ. ಅಲ್ಲಿಯ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಶಾಖೆ ಎಂಬ ಪದ ಕಂಡುಬಂದರೆ ಅದು ಖಾತೆಯ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಸಂಖ್ಯೆಗಳ ನಡುವೆ ಇರುತ್ತದೆ, ಅದರ ಮುಂದೆ ವಿಜ್ಞಾನ ಎಂದು ಬರೆದವರ ಅರ್ಜಿ ಮರಳಿ ಬರುತ್ತದೆ.